ಕೊಡಗಿನ ತೋಟದ ಮನೆಗೆ ಯಾವ ವ್ಯಾಕ್ಯೂಮ್ ಕ್ಲೀನರ್ ಹೊಂದುತ್ತದೆ?

ನಿಮ್ಮ ಸಹೋದ್ಯೋಗಿ ವಿರಾಜಪೇಟೆ ಬಳಿಯ ತೋಟದ ಮನೆಯಿಂದಲೇ ಕೆಲಸ ಮಾಡುತ್ತಾರೆ, ನಾಯಿ ಇದೆ, ಮನೆಯಲ್ಲಿ ಒಬ್ಬರಿಗೆ ಧೂಳಿನ ಅಲರ್ಜಿ ಇದೆ ಎಂದಿದ್ದೀರಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ನಿಮಗೆ ಒಗ್ಗಿರುವ ರೋಬೋಟನ್ನೇ ಅವರಿಗೂ ಹೇಳಬಹುದೇ, ಇಲ್ಲವಾದರೆ ಎಷ್ಟು ವ್ಯಾಟಿನ ಯಂತ್ರ ಬೇಕು ಎಂಬುದು ನಿಮ್ಮ ಪ್ರಶ್ನೆ. ರೋಬೋಟ್ ಬೇಡ. ವ್ಯಾಟ್ ನೋಡಿ ಕೊಳ್ಳುವುದೂ ಬೇಡ. ಹಿಂದೆ ಎಳೆದುಕೊಂಡು ಓಡಾಡುವಂಥದ್ದು, ಒಳಗೆ ಬಿಸಾಡುವ ಚೀಲವಿರುವಂಥದ್ದು, ವೈರ್ ಇರುವಂಥದ್ದು ಸಾಕು. ಕಾರಣ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ಏಕೆಂದರೆ ಕೊಡಗಿನಲ್ಲಿ ಈ ಯಂತ್ರದ ಆಯುಷ್ಯವನ್ನು ನಿರ್ಧರಿಸುವುದು ಧೂಳಲ್ಲ, ಮಳೆ.

ನಾನು ಮಡಿಕೇರಿಯವನು. ಕಳೆದ ವರ್ಷ ಇದೇ ಪಾಡು ನಮ್ಮ ಕಚೇರಿಯ ಅಕ್ಕನದಾಗಿತ್ತು. ವಯಸ್ಸಿನಲ್ಲಿ ಹಿರಿಯರು, ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ಮನೆ ಮೂರ್ನಾಡಿನ ಕಡೆ. ಹಳೆಯ ಭಾಗದಲ್ಲಿ ರೆಡ್ ಆಕ್ಸೈಡ್ ನೆಲ, ಆಮೇಲೆ ಸೇರಿಸಿದ ಕೋಣೆಗಳಲ್ಲಿ ಟೈಲ್ಸ್, ಮೇಲೆ ಹಲಗೆಯ ಅಟ್ಟ, ಚಳಿಗೆಂದು ಮಲಗುವ ಕೋಣೆಯಲ್ಲಿ ದಪ್ಪ ಜಮಖಾನೆ, ಸೋಫಾವನ್ನೇ ಹಾಸಿಗೆ ಮಾಡಿಕೊಂಡಿರುವ ಎರಡು ನಾಯಿಗಳು, ಬೆಳಿಗ್ಗೆ ಎದ್ದೊಡನೆ ಸಾಲಾಗಿ ಸೀನುವ ಮಗ. ಹುತ್ತರಿಗೆ ನೆಂಟರು ಬರುವ ಮೊದಲು ಯಂತ್ರ ಮನೆಯಲ್ಲಿರಬೇಕು ಎಂಬುದು ಅಕ್ಕನ ಹಟ. ಅವರಿಗೆ ರೋಬೋಟಿನ ಮೇಲೆ ಮನಸ್ಸು, ಅವರ ಯಜಮಾನರಿಗೆ ನೀರನ್ನೂ ಎಳೆಯುವ 2000 ವ್ಯಾಟಿನ ಡ್ರಮ್ಮಿನ ಮೇಲೆ. ಅತ್ತೆಯವರ ಪ್ರಕಾರ ಪೊರಕೆಗೆ ಏನಾಗಿದೆ? ಮೂವರಲ್ಲಿ ವಾದದ ತಳಪಾಯ ಗಟ್ಟಿಯಾಗಿದ್ದದ್ದು ಅತ್ತೆಯವರದೇ. ಆದರೆ ಜಮಖಾನೆ ಮತ್ತು ಹಾಸಿಗೆಯ ವಿಷಯದಲ್ಲಿ ಪೊರಕೆ ಧೂಳನ್ನು ಎಬ್ಬಿಸುತ್ತದೆಯೇ ಹೊರತು ತೆಗೆಯುವುದಿಲ್ಲ.

ಇಲ್ಲಿ ಕಸಕ್ಕೂ ಋತುಗಳಿವೆ. ಡಿಸೆಂಬರಿನಿಂದ ಕಾಫಿ ಕೊಯ್ಲು, ಕಣದಲ್ಲಿ ಒಣಗುವ ಕಾಫಿ, ತೋಟದ ರಸ್ತೆಯ ಕೆಂಪು ಧೂಳು. ಕಿಟಕಿ ಮುಚ್ಚಿದ್ದರೂ ಅದು ಒಳಗೆ ಬಂದು ಮೇಜಿನ ಮೇಲೆ ಕೂರುತ್ತದೆ. ಇದು ಒಣ ಕಸ, ಯಂತ್ರ ಚೆನ್ನಾಗಿ ತೆಗೆಯುತ್ತದೆ. ಹೂಮಳೆ ಮುಗಿದು ಜೂನ್ ಬಂತೆಂದರೆ ಲೆಕ್ಕವೇ ಬೇರೆ. ಸೆಪ್ಟೆಂಬರಿನವರೆಗೆ ಮನೆಯೊಳಗೆ ಬರುವುದು ಕೆಸರು, ಒದ್ದೆ ನಾಯಿಯ ಕೂದಲು, ಗೋಡೆಯ ಮೂಲೆಯ ಬೂಷ್ಟು. ಕೆಸರಿಗೆ ಯಂತ್ರ ಹಿಡಿಯಬಾರದು. ಬೂಷ್ಟಿಗಂತೂ ಖಂಡಿತ ಹಿಡಿಯಬಾರದು. ಮಾಮೂಲಿ ಫಿಲ್ಟರಿನ ಯಂತ್ರ ಬೂಷ್ಟಿನ ಕಣಗಳನ್ನು ಒಂದು ಗೋಡೆಯಿಂದ ಎಳೆದು ಹಿಂದಿನ ತೂತಿನಿಂದ ಇಡೀ ಕೋಣೆಗೆ ಊದುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡಲು ಬಿಡುವುದೇ ಅದಕ್ಕೆ ಮದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಹೆಚ್ಚಾಗಿ ಜೋಡಿಸಿಟ್ಟಿರುವುದು ಚೀಲವಿಲ್ಲದ, ಪಾರದರ್ಶಕ ಡಬ್ಬಿಯ ಯಂತ್ರಗಳು. ಅವುಗಳಲ್ಲಿ ಗಾಳಿ ಸುಳಿಯಾಗಿ ತಿರುಗಿ ದಪ್ಪ ಕಸವನ್ನು ಡಬ್ಬಿಗೆ ಬೀಳಿಸುತ್ತದೆ. ಉಳಿದ ನುಣುಪು ಧೂಳನ್ನು ಫಿಲ್ಟರ್ ಹಿಡಿಯುತ್ತದೆ. ಚೀಲದ ಖರ್ಚಿಲ್ಲ, ಫಿಲ್ಟರ್ ತೊಳೆದರೆ ಮುಗಿಯಿತು ಎಂದು ಮಾರುವವರು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ತೊಳೆದ ಫಿಲ್ಟರನ್ನು 24 ಗಂಟೆ ಒಣಗಿಸಿ ಮತ್ತೆ ಹಾಕಿ ಎಂದು ಜೊತೆಗೆ ಬರುವ ಪುಸ್ತಿಕೆಯಲ್ಲಿ ಬರೆದಿರುತ್ತದೆ. ಆ ಪುಸ್ತಿಕೆ ಬರೆದವರು ಕಕ್ಕಡ ತಿಂಗಳಿನಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಮಡಿಕೇರಿಗೆ ಬಂದವರಲ್ಲ. ಜುಲೈಯಲ್ಲಿ ಇಲ್ಲಿ ಕರವಸ್ತ್ರ ಒಣಗಲು ಎರಡು ದಿನ ಬೇಕು. ಒತ್ತೊತ್ತಾದ ಮಡಿಕೆಗಳಿರುವ ಫಿಲ್ಟರ್ ಹೊರಗೆ ಒಣಗಿದಂತೆ ಕಾಣುತ್ತದೆ, ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಒಳಗೆ ತಣ್ಣಗಿರುತ್ತದೆ. ಹಾಗೇ ಹಾಕಿ ಚಾಲು ಮಾಡಿದರೆ ಧೂಳು ಅಲ್ಲೇ ಕೆಸರಾಗಿ ಅಂಟುತ್ತದೆ, ಎಳೆತ ಕುಗ್ಗುತ್ತದೆ, ತೇವ ಮೋಟಾರಿಗೂ ಹೋಗುತ್ತದೆ. ಕೆಲವೇ ದಿನಗಳಲ್ಲಿ ಯಂತ್ರ ಚಾಲು ಮಾಡಿದೊಡನೆ ಹಳೆಯ ಗೋಣಿಚೀಲದ ವಾಸನೆ ಮನೆಯೆಲ್ಲ ಹರಡುತ್ತದೆ. ಬಟ್ಟೆಗಳ ಜೊತೆ ಅಗ್ಗಿಷ್ಟಿಕೆಯ ಪಕ್ಕ ಇಟ್ಟರೆ ಹೇಗೆ ಎಂದು ಯಾರಿಗಾದರೂ ತೋಚುತ್ತದೆ. ಬೇಡ, ಪ್ಲಾಸ್ಟಿಕ್ಕಿನ ಚೌಕಟ್ಟು ಸೊಟ್ಟಗಾಗುತ್ತದೆ. ಸೊಟ್ಟಗಾದ ಫಿಲ್ಟರಿನ ಅಂಚಿನಿಂದ ಧೂಳು ನೇರ ಮೋಟಾರಿಗೆ.

ಅದಕ್ಕೇ ಚೀಲ. ಧೂಳು ಚೀಲದೊಳಗೇ ಉಳಿಯುತ್ತದೆ, ತುಂಬಿದ ಮೇಲೆ ಬಾಯಿ ಮುಚ್ಚಿ ಚೀಲ ಸಮೇತ ಬಿಸಾಡಬಹುದು, ಹಿಂದಿನ ಫಿಲ್ಟರಿಗೆ ಹೋಗುವ ಧೂಳು ಬಹಳ ಕಡಿಮೆ. ಅಲರ್ಜಿ ಇರುವವರ ಮನೆಯಲ್ಲಿ ಇದರ ಇನ್ನೊಂದು ಲಾಭವೆಂದರೆ ಡಬ್ಬಿಯನ್ನು ಕೊಡವುವಾಗ ಮುಖಕ್ಕೆ ಹಾರುವ ಧೂಳಿನಿಂದ ಬಿಡುಗಡೆ. ಸೀನು ಬರದಿರಲಿ ಎಂದು ಯಂತ್ರ ಕೊಂಡು, ಡಬ್ಬಿ ಖಾಲಿ ಮಾಡುವಾಗ ಸೀನುವುದರಲ್ಲಿ ಅರ್ಥವಿಲ್ಲ. ಚೀಲಗಳಲ್ಲೂ ತೊಳೆದು ಬಳಸುವ ಬಟ್ಟೆಯವು ಇವೆ. ಅವುಗಳಿಗೂ ಒಣಗುವ ತಾಪತ್ರಯವೇ, ಸಾಲದ್ದಕ್ಕೆ ನುಣುಪು ಧೂಳು ನೇಯ್ಗೆಯ ನಡುವಿನಿಂದ ಜಾರುತ್ತದೆ. ಬಿಸಾಡುವ ಪದರಪದರದ ಚೀಲವೇ ಇರಲಿ. ಮಳೆಗಾಲದಲ್ಲಿ ಮಾತ್ರ ಚೀಲ ತುಂಬುವವರೆಗೆ ಕಾಯಬಾರದು. ನಾಯಿಯ ಕೂದಲೂ ತೇವವೂ ಸೇರಿದ ಚೀಲ ಅರ್ಧ ತುಂಬಿದಾಗಲೇ ನಾರತೊಡಗುತ್ತದೆ.

ಚೀಲವಿರುವ ಯಂತ್ರ ಸಿಗಲಿಲ್ಲ, ಡಬ್ಬಿಯದೇ ಗತಿ ಎಂದಾದರೆ, ಯಂತ್ರದ ಜೊತೆಗೇ ಇನ್ನೊಂದು ಜೊತೆ ಫಿಲ್ಟರ್ ಕೊಂಡುಕೊಳ್ಳಲಿ. ಒಂದು ಒಣಗುತ್ತಿರಲಿ, ಒಂದು ಕೆಲಸದಲ್ಲಿರಲಿ. ಬಿಡಿ ಫಿಲ್ಟರ್ ಮಾರಾಟಕ್ಕೇ ಇಲ್ಲದ ಮಾದರಿಯನ್ನು ಎಷ್ಟೇ ರಿಯಾಯಿತಿ ಇದ್ದರೂ ಮುಟ್ಟಬೇಡಿ.

ಫಿಲ್ಟರಿನ ವಿಷಯದಲ್ಲಿ ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಹೆಪಾ (ಅತಿ ನುಣುಪು ಧೂಳನ್ನೂ ಹಿಡಿಯುವ ಫಿಲ್ಟರ್) ಎಂದಿದ್ದರೆ ಸಾಲದು, ದರ್ಜೆ ನೋಡಬೇಕು. ಎಚ್13 ಎಂದರೆ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ 99.95 ಶೇಕಡಾ ತಡೆಯುವ ಫಿಲ್ಟರ್. ‘ಹೆಪಾ ಮಾದರಿಯ’ ಎಂಬ ಬರಹಕ್ಕೆ ಅಂಥ ಯಾವ ಕಟ್ಟುಪಾಡೂ ಇಲ್ಲ. ಫಿಲ್ಟರ್ ಚೆನ್ನಾಗಿದ್ದು ಯಂತ್ರದ ಮುಚ್ಚಳದ ಸುತ್ತ ಸಂದು ಇದ್ದರೂ ಪ್ರಯೋಜನವಿಲ್ಲ. ಚಾಲು ಮಾಡಿ ಮುಚ್ಚಳದ ಅಂಚಿಗೆ ಕೈ ಹಿಡಿದರೆ ಗಾಳಿ ಸೋರುವುದು ತಿಳಿಯುತ್ತದೆ.

ಮಗನ ಸೀನಿನ ಬಗ್ಗೆ ಅಕ್ಕನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಏಕೆಂದರೆ ಇಲ್ಲಿ ಅತಿ ನಿರೀಕ್ಷೆ ಒಳ್ಳೆಯದಲ್ಲ. ಧೂಳಿನ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ಹಾಸಿಗೆ, ಜಮಖಾನೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುನುಸಿಗಳು. ಅವು ಗಾಳಿಯಲ್ಲಿನ ತೇವವನ್ನೇ ಹೀರಿ ಬದುಕುತ್ತವೆ. ಸಾಪೇಕ್ಷ ಆರ್ದ್ರತೆ 50 ಶೇಕಡಾಕ್ಕಿಂತ ಕೆಳಗೆ ಉಳಿದರೆ ಅವು ಕ್ರಮೇಣ ಸಾಯುತ್ತವೆ, ನಮ್ಮ ಮಳೆಗಾಲದಲ್ಲಿ ಅದು ಕನಸಿನ ಮಾತು. ಯಂತ್ರ ಹಾಸಿಗೆಯ ಮೇಲ್ಪದರದ ಧೂಳನ್ನೂ ನುಸಿಯ ಹಿಕ್ಕೆಯನ್ನೂ ತೆಗೆಯುತ್ತದೆ. ಒಳಗೆ ಕಚ್ಚಿಕೊಂಡಿರುವ ನುಸಿಗಳನ್ನು ಅದು ಕೊಲ್ಲುವುದಿಲ್ಲ. ಹಾಸಿಗೆಯ ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು, ಬಿಸಿಲು ಬಂದ ದಿನ ಹಾಸಿಗೆಯನ್ನು ಅಂಗಳಕ್ಕೆ ಹಾಕುವುದು, ಇವು ಜೊತೆಗಿದ್ದರೆ ಮಾತ್ರ ಯಂತ್ರಕ್ಕೆ ಬೆಲೆ. ಅಲರ್ಜಿ ಇರುವವರು ತಾವೇ ಯಂತ್ರ ಹಿಡಿಯದೆ, ಮುಗಿದ ಮೇಲೆ ಸ್ವಲ್ಪ ಹೊತ್ತು ಆ ಕೋಣೆಗೆ ಹೋಗದಿದ್ದರೆ ಇನ್ನೂ ಒಳ್ಳೆಯದು.

ವ್ಯಾಟಿಗೆ ಬರೋಣ. ವ್ಯಾಟ್ ಎಂದರೆ ಯಂತ್ರ ನುಂಗುವ ಕರೆಂಟು, ಎಳೆಯುವ ಧೂಳಲ್ಲ. ಐರೋಪ್ಯ ಒಕ್ಕೂಟ 2014ರಲ್ಲಿ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರುಗಳಿಗೆ 1600 ವ್ಯಾಟಿನ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಯುರೋಪಿನ ಮನೆಗಳೇನೂ ಧೂಳಿನಲ್ಲಿ ಮುಳುಗಲಿಲ್ಲ. ತಯಾರಕರು ಗಾಳಿಯ ದಾರಿಯನ್ನೂ ಬಾಯಿಯ ಬ್ರಷ್ಷನ್ನೂ ತಿದ್ದಿ ಕಡಿಮೆ ವ್ಯಾಟಿನಲ್ಲೇ ಕೆಲಸ ನಡೆಸಿದರು. ನಮ್ಮಲ್ಲಿ ಪೆಟ್ಟಿಗೆಯ ಮೇಲೆ ಇಂದಿಗೂ ವ್ಯಾಟೇ ದಪ್ಪ ಅಕ್ಷರದಲ್ಲಿ ಮೆರೆಯುತ್ತದೆ. 2000 ವ್ಯಾಟಿನದು 230 ವೋಲ್ಟಿನಲ್ಲಿ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತದೆ. ಹಳೆಯ ಮನೆಗಳ ಕೋಣೆಗಳಲ್ಲಿ ಇರುವುದು ಸಾಮಾನ್ಯವಾಗಿ 6 ಆಂಪಿಯರಿನ ಸಾಕೆಟ್, ದೊಡ್ಡ ಸಾಕೆಟ್ ಅಡುಗೆಮನೆಯಲ್ಲೋ ಬಚ್ಚಲ ಹತ್ತಿರವೋ ಒಂದು. ಅಲ್ಲಿಂದ ಮಲಗುವ ಕೋಣೆಗೆ ವೈರ್ ಮುಟ್ಟುವುದಿಲ್ಲ. ತೆಳು ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಬಿಡಿಸದೆ ಬಳಸಿದರೆ ಅದು ಬಿಸಿಯಾಗುತ್ತದೆ. 1200ರ ಆಸುಪಾಸಿನ, ಗಟ್ಟಿ ಪೈಪಿನ ಯಂತ್ರವಾದರೆ ಈ ರಗಳೆಯೇ ಇಲ್ಲ. ಇನ್ವರ್ಟರಿನಲ್ಲಿ ಓಡಿಸುವ ಆಸೆಯನ್ನಂತೂ ಬಿಡಬೇಕು. ಮನೆಗಳಲ್ಲಿರುವ ಒಂದು ಕೆವಿಎಯ ಇನ್ವರ್ಟರ್ ಇಂಥ ಮೋಟಾರನ್ನು ಹೊರಲಾರದು.

ಯಜಮಾನರ ಡ್ರಮ್ಮಿನ ವಿಷಯ ಬೇಗ ಮುಗಿಸುತ್ತೇನೆ. ನೀರೆಳೆಯುವ ಯಂತ್ರ ಒಳ್ಳೆಯದೇ, ಜಗಲಿಗೆ ಮಳೆ ನೀರು ನುಗ್ಗಿದಾಗ, ಕಾರು ತೊಳೆಯುವಾಗ. ಒಣ ಕಸಕ್ಕೆ ಒಂದು ಫಿಲ್ಟರ್, ನೀರಿಗೆ ಫೋಮಿನ ಇನ್ನೊಂದು, ಪ್ರತಿ ಸಲ ಬದಲಿಸಬೇಕು, ಬದಲಿಸುವವರು ಯಾರು ಎಂದು ನಾನು ಕೇಳಿದ್ದಕ್ಕೆ ಅಕ್ಕ ಯಜಮಾನರ ಮುಖ ನೋಡಿದರು. ಯಜಮಾನರು ತೋಟದ ಕಡೆ ನೋಡಿದರು. ಅಲ್ಲಿಗೆ ಆ ಮಾತು ಮುಗಿಯಿತು. ನೀರೆಳೆಯುತ್ತದೆ ಎಂಬ ಧೈರ್ಯದಲ್ಲಿ ಒಲೆಯ ಬೂದಿಗೂ ಅದನ್ನು ಹಿಡಿಯುವವರಿದ್ದಾರೆ. ಬೂದಿಯೊಳಗೆ ಕೆಂಡ ಗಂಟೆಗಟ್ಟಲೆ ಉಸಿರಾಡುತ್ತಿರುತ್ತದೆ. ತಣ್ಣಗಾದ ಬೂದಿಯೂ ಕ್ಷಣದಲ್ಲಿ ಫಿಲ್ಟರ್ ಕಟ್ಟುತ್ತದೆ.

ರೋಬೋಟ್ ಯಾಕೆ ಬೇಡವೆಂದರೆ, ಅದು ಸಾಮಾನ್ಯವಾಗಿ ದಾಟಬಲ್ಲದ್ದು ಎರಡು ಸೆಂಟಿಮೀಟರ್ ಎತ್ತರ. ನಮ್ಮ ಹಳೆಯ ಮನೆಗಳ ಹೊಸ್ತಿಲು ಅದರ ಪಾಲಿಗೆ ಬ್ರಹ್ಮಗಿರಿ ಬೆಟ್ಟ. ಕೋಣೆಯಿಂದ ಕೋಣೆಗೆ ಎತ್ತಿಡುತ್ತಾ ಕೂರುವುದಾದರೆ ಪೊರಕೆಯೇ ಬೇಗ. ಜಮಖಾನೆಯ ಕುಚ್ಚು ಅದರ ಬ್ರಷ್ಷಿಗೆ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ನಾಯಿಮರಿ ಇದ್ದು, ಅದು ಹಾಲಿನಲ್ಲಿ ಹೊಲಸು ಮಾಡಿದ ಹೊತ್ತಿಗೇ ರೋಬೋಟ್ ಹೊರಟಿತೆಂದರೆ ಅದು ಮನೆತುಂಬ ಸಾರಿಸಿಬಿಡುತ್ತದೆ. ನಿಮ್ಮ ಸಹೋದ್ಯೋಗಿಯದು ಹೊಸ ಕಟ್ಟಡ, ಹೊಸ್ತಿಲಿಲ್ಲದ ಸಮ ನೆಲ ಎಂದಾದರೆ ಈ ಪ್ಯಾರಾವನ್ನು ಬಿಟ್ಟುಬಿಡಿ.

ವೈರಿಲ್ಲದ ಕಡ್ಡಿ ಮಾದರಿಯನ್ನು ಮಾತ್ರ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದು ಹಗುರ, ಅಟ್ಟಕ್ಕೆ ಒಂದೇ ಕೈಯಲ್ಲಿ ಒಯ್ಯಬಹುದು, ಕರೆಂಟ್ ಹೋದಾಗಲೂ ನಡೆಯುತ್ತದೆ, ಇನ್ವರ್ಟರಿನಲ್ಲೇ ಚಾರ್ಜ್ ಆಗುತ್ತದೆ. ಆದರೆ ಜಾಹೀರಾತಿನಲ್ಲಿರುವ ಓಟದ ಸಮಯ ಕಡಿಮೆ ವೇಗದ್ದು, ಜಮಖಾನೆಗೆ ಬೇಕಾದ ಪೂರ್ಣ ವೇಗದಲ್ಲಿ ಹಲವು ಮಾದರಿಗಳು ಹತ್ತು ನಿಮಿಷದ ಸುತ್ತಮುತ್ತ ನಿಂತುಬಿಡುತ್ತವೆ. ತೆಗೆದು ಹಾಕಬಹುದಾದ ಬ್ಯಾಟರಿ ಇದ್ದರೆ ಮಾತ್ರ ಕೊಳ್ಳಿ. ಏಪ್ರಿಲ್-ಮೇ ತಿಂಗಳ ಗುಡುಗು ಮಿಂಚಿನ ಸಂಜೆಗಳಲ್ಲಿ ಚಾರ್ಜರನ್ನು ಗೋಡೆಯಿಂದ ಕೀಳುವ ಅಭ್ಯಾಸವೂ ಇರಬೇಕು.

ಅಂಗಡಿಯ ಪರೀಕ್ಷೆಯ ಬಗ್ಗೆ ಒಂದು ಮಾತು. 1982ರಲ್ಲಿ ಯುರೇಕಾ ಫೋರ್ಬ್ಸ್ ನಮ್ಮ ದೇಶದಲ್ಲಿ ಮನೆಮನೆಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರತೊಡಗಿತು. ಬಾಗಿಲು ತಟ್ಟುವ ಮಾರಾಟಗಾರರನ್ನು ಕಂಡರೆ ಜನ ಒಳಗೆ ಅಡಗುತ್ತಿದ್ದದ್ದು ನಿಜ, ಆದರೆ ಆ ಪದ್ಧತಿಯಲ್ಲಿ ಒಂದು ನ್ಯಾಯವಿತ್ತು: ಯಂತ್ರ ನಿಮ್ಮದೇ ಧೂಳಿನ ಎದುರು ನಿಲ್ಲಬೇಕಾಗಿತ್ತು. ಈಗ ಅಂಗಡಿಯವರು ನಯವಾದ ಟೈಲ್ಸಿನ ಮೇಲೆ ಒಂದು ಹಿಡಿ ಪುಡಿ ಸುರಿದು ಎಳೆದು ತೋರಿಸುತ್ತಾರೆ. ಆ ಪರೀಕ್ಷೆಯಲ್ಲಿ ಫೇಲಾಗುವ ಯಂತ್ರವೇ ಇಲ್ಲ. ಕುಶಾಲನಗರದ ಅಂಗಡಿಗೆ ಅಕ್ಕ ನಾಯಿ ಮಲಗುವ ಸಣ್ಣ ಜಮಖಾನೆಯನ್ನೇ ಸುತ್ತಿಕೊಂಡು ಬಂದಿದ್ದರು. ನೆಲಕ್ಕೆ ಹಾಸಿ, ಚಪ್ಪಲಿಯಿಂದ ಕೂದಲನ್ನು ಚೆನ್ನಾಗಿ ತುಳಿದು ಒಳಗೆ ಕೂರಿಸಿ, “ಈಗ ತೆಗಿ ಮಗಾ” ಎನ್ನದೆ, ಬಹಳ ಮರ್ಯಾದೆಯಿಂದ “ಇದನ್ನೊಂದು ತೆಗೆದು ತೋರಿಸಿ ತಮ್ಮ” ಎಂದರು. ದೊಡ್ಡ ವ್ಯಾಟಿನ ಡ್ರಮ್ಮಿನ ಬಾಯಿ ಜಮಖಾನೆಗೆ ಕಚ್ಚಿಕೊಂಡು ಅದನ್ನೇ ಮೇಲೆತ್ತಿತು, ಕೂದಲು ಇದ್ದಲ್ಲೇ ಇತ್ತು. ಗಾಳಿಯಿಂದ ತಿರುಗುವ ಬ್ರಷ್ಷಿನ ಬಾಯಿಯನ್ನು ಗಟ್ಟಿಯಾಗಿ ಒತ್ತಿದಾಗ ಬ್ರಷ್ ನಿಂತೇಹೋಯಿತು. ಸಾಧಾರಣ ವ್ಯಾಟಿನ ಚೀಲದ ಯಂತ್ರ, ಹಿಡಿಯ ಬಳಿ ಎಳೆತವನ್ನು ಸ್ವಲ್ಪ ಸಡಿಲಿಸುವ ಕಿಂಡಿ ಇದ್ದದ್ದು, ನಿಧಾನವಾಗಿ ಎಳೆದರೂ ಸಾಲುಸಾಲಾಗಿ ಕೂದಲನ್ನು ಕಿತ್ತಿತು. ಅದನ್ನೇ ತೆಗೆದುಕೊಂಡರು. ನಿಮ್ಮ ಸಹೋದ್ಯೋಗಿಗೂ ಸಾಧ್ಯವಾದರೆ ಆನ್‌ಲೈನಿನಲ್ಲಿ ಕೊಳ್ಳುವ ಮೊದಲು ಒಮ್ಮೆ ಹೀಗೆ ಅಂಗಡಿಗೆ ಹೋಗಲು ಹೇಳಿ. ರೆಡ್ ಆಕ್ಸೈಡ್ ನೆಲವಿದ್ದರೆ ಮೃದು ಕೂದಲಿನ ಬ್ರಷ್ ಮತ್ತು ರಬ್ಬರ್ ಚಕ್ರಗಳಿವೆಯೇ ಎಂದು ತಿರುಗಿಸಿ ನೋಡಲಿ. ಗಟ್ಟಿ ಪ್ಲಾಸ್ಟಿಕ್ ಚಕ್ರ ವರ್ಷಗಳಿಂದ ಉಜ್ಜಿ ಹೊಳಪು ಬಂದ ನೆಲದ ಮೇಲೆ ಗೀರು ಬಿಡುತ್ತದೆ, ಆಮೇಲೆ ಅತ್ತೆಯವರಿಗೆ ಉತ್ತರ ಹೇಳುವುದು ಕಷ್ಟ.

ಸರ್ವಿಸ್ ಎಲ್ಲಿ ಎಂಬುದನ್ನು ಅಂಗಡಿಯವರ ಬಾಯಿಮಾತಿನಲ್ಲಿ ಬಿಡಬೇಡಿ. ಮನೆಯ ಪಿನ್‌ಕೋಡ್ ಕೊಟ್ಟು, ಮನೆಗೇ ಬರುತ್ತಾರೋ ಅಥವಾ ಯಂತ್ರ ಹೊತ್ತು ಮೈಸೂರಿಗೆ ಹೋಗಬೇಕೋ ಎಂದು ಕಂಪನಿಯ ಸಹಾಯವಾಣಿಗೇ ಕೇಳಲಿ. ಮಡಿಕೇರಿಯಿಂದಲೇ ಅದು ಸುಮಾರು 120 ಕಿಲೋಮೀಟರ್. ಅದೇ ಪಿನ್‌ಕೋಡಿಗೆ ಚೀಲಗಳು ಬರುತ್ತವೆಯೇ ಎಂದೂ ಮೊದಲೇ ನೋಡಿಕೊಳ್ಳಬೇಕು. ಯಂತ್ರ ಸಿಕ್ಕು ಚೀಲ ಸಿಗದಿದ್ದರೆ ಅದು ಅಟ್ಟ ಸೇರುತ್ತದೆ. ಚೀಲದ ಒಂದು ಪೊಟ್ಟಣವನ್ನು ಯಂತ್ರದ ಜೊತೆಗೇ ತರಿಸಿ, ಬಂದ ದಿನವೇ ಒಂದನ್ನು ಹಾಕಿ ಮುಚ್ಚಳ ಸರಿಯಾಗಿ ಕೂರುತ್ತದೆಯೇ ನೋಡಲು ಹೇಳಿ. ಹೊಂದದಿದ್ದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಗೊತ್ತಾಗುತ್ತದೆ.