ಕೊದಿಲಿಗೆ ಯಾವ ಕೆಂಬುಡೆ, ಕಡುಬಿಗೆ ಯಾವುದು

ಬಾಯಾರಿನ ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ, ಅಡಿಕೆ ಸುಲಿಯುವ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಮಗ ಮಂಗಳೂರಿನಿಂದ ತಂದ ಕಡುಹಸಿರು ಜಪಾನಿ ಕುಂಬಳ ಕೊದಿಲಿನಲ್ಲಿ (ನಮ್ಮ ಕಡೆಯ ಹುಳಿ ಸಾಂಬಾರು) ಕರಗಿ ಗಂಜಿಯಾಯಿತು, ಮುಂದಿನ ಸಲ ಗದ್ದೆಯಲ್ಲಿ ಬಟರ್‌ನಟ್ ಕುಂಬಳ ಹಾಕಬಹುದಾ ಅಂತ ಅಲ್ವಾ ಕೇಳಿದ್ದು?

ಕರಗಿದ್ದಕ್ಕೆ ಬೇಜಾರು ಬೇಡ. ಆ ಜಪಾನಿ ಕಾಯಿಯ ಹೆಸರು ಕಬೋಚಾ. ಅದು ಕುಂಬಳದಲ್ಲಿ ಮ್ಯಾಕ್ಸಿಮಾ ಎಂಬ ಜಾತಿ. ನಮ್ಮ ಊರಿನ ಕೆಂಬುಡೆ (ಸಿಹಿಗುಂಬಳ) ಹೆಚ್ಚಾಗಿ ಮೊಸ್ಕಾಟಾ ಎಂಬ ಇನ್ನೊಂದು ಜಾತಿ. ಕಬೋಚಾದಲ್ಲಿ ನೀರು ಕಡಿಮೆ, ಹಿಟ್ಟು ಜಾಸ್ತಿ, ಬೆಂದರೆ ಗೆಣಸಿನ ಹಾಗೆ ಪುಡಿಪುಡಿ. ಅದನ್ನು ನೀರಲ್ಲಿ ಕುದಿಸಿದರೆ ಇನ್ನೇನಾಗುತ್ತದೆ! ಕುಕ್ಕರಿಗೆ ಹಾಕಿದ್ದರೆ ಕೇಳುವುದೇ ಬೇಡ. ಸಿಪ್ಪೆ ತೆಗೆಯದೆ ದೊಡ್ಡ ಹೋಳು ಮಾಡಿ (ಸಿಪ್ಪೆ ತಿನ್ನಬಹುದು, ಮೆತ್ತಗಾಗುತ್ತದೆ) ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಇಡಿ, ಸಾಕು. ಅದಕ್ಕೆ ಒಗ್ಗುವುದು ಕೇರಳದ ಎರಿಶ್ಶೇರಿ. ಬೇಯಿಸಿದ ಅಲಸಂಡೆ ಬೀಜದ ಜೊತೆ ಸೇರಿಸಿ, ತೆಂಗಿನಕಾಯಿ ಜೀರಿಗೆ ಅರೆದು ಹಾಕಿ, ಕೊನೆಗೆ ಕೆಂಪಗೆ ಹುರಿದ ಕಾಯಿತುರಿ ಮೇಲೆ ಸುರಿದರೆ ಕರಗಿದ್ದೇ ಒಳ್ಳೆಯದಾಯಿತು ಅನಿಸುತ್ತದೆ. ಕಡುಬಿಗೂ ಕಬೋಚಾವೇ ಚೆಂದ, ಅಕ್ಕಿಹಿಟ್ಟು ನೀರಾಗುವುದಿಲ್ಲ.

ಕೊದಿಲು, ಪಲ್ಯಕ್ಕೆ ಹೋಳು ನಿಲ್ಲಬೇಕಾದರೆ ಮೊಸ್ಕಾಟಾ ಹುಡುಕಿ. ಬಟರ್‌ನಟ್ ಅದೇ ಜಾತಿ, ನಮ್ಮ ಕೆಂಬುಡೆಯ ದಾಯಾದಿಯೇ. ಉದ್ದ ಕುತ್ತಿಗೆ ಪೂರ್ತಿ ತಿರುಳು, ಬೀಜವೆಲ್ಲ ಕೆಳಗಿನ ಬುರುಡೆಯಲ್ಲಿ. ಕುತ್ತಿಗೆ ಪಲ್ಯಕ್ಕೆ, ಬುರುಡೆ ಪಾಯಸಕ್ಕೆ ಅಂತ ನಾನು ಹಂಚಿಬಿಡುತ್ತೇನೆ. ಇನ್ನೊಂದು ಉಪಾಯ, ಹುಳಿ ನೀರನ್ನು ಅರ್ಧ ಬೆಂದಾಗಲೇ ಹಾಕಿ. ಹುಳಿ ಸೇರಿದ ಮೇಲೆ ಹೋಳು ಬೇಗ ಕರಗುವುದಿಲ್ಲ. ಆದರೆ ಹಸಿಯಿರುವಾಗಲೇ ಹಾಕಿದಿರೋ, ಊಟದ ಹೊತ್ತಾದರೂ ಬೇಯುವುದಿಲ್ಲ.

ಅಂಗಡಿಯಲ್ಲಿ ಜಾತಿ ಗುರುತಿಸುವುದು ಹೇಗೆ ಅಂದರೆ ತೊಟ್ಟು ನೋಡಿ. ಗಟ್ಟಿಯಾಗಿ, ಐದು ಏಣಿನದಾಗಿ, ಕಾಯಿಗೆ ಅಂಟುವಲ್ಲಿ ಅಗಲವಾಗಿ ಹರಡಿದ್ದರೆ ಮೊಸ್ಕಾಟಾ. ದಪ್ಪಗೆ, ದುಂಡಗೆ, ಬೆಂಡಿನ ಹಾಗೆ ಒಣಗಿದ್ದರೆ ಮ್ಯಾಕ್ಸಿಮಾ. ಉಗುರಿನಿಂದ ಸಿಪ್ಪೆ ಗೀರಿ ನೋಡಿ, ಸುಲಭವಾಗಿ ಉಗುರು ಇಳಿದರೆ ಕಾಯಿ ಬಲಿತಿಲ್ಲ. ಮತ್ತೆ ಮಲಯಾಳದವರ ಅಂಗಡಿಯಲ್ಲಿ ಸುಮ್ನೆ ಕುಂಬಳ ಅನ್ನಬೇಡಿ, ಬೂದುಗುಂಬಳ ಕೊಟ್ಟು ಕಳಿಸುತ್ತಾರೆ. ಮತ್ತಂಗ ಅನ್ನಿ.

ತೊಟ್ಟಿನ ವಿಷಯದಲ್ಲಿ ನಾನು ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಏಪ್ರಿಲ್‌ನಲ್ಲಿ ಕೊಯ್ದ ಒಂಬತ್ತು ಕಾಯಿಗಳನ್ನು ತೊಟ್ಟು ಹಿಡಿದೇ ಎತ್ತಿ ತಂದು ಅಟ್ಟದಲ್ಲಿಟ್ಟೆ, ನಾಲ್ಕರ ತೊಟ್ಟು ಕಿತ್ತು ಬಂತು. ಏನಾಗುತ್ತದೆ ಅಂತ ಬಿಟ್ಟೆ. ಜೂನ್ ಮಳೆ ಹಿಡಿದು ಎರಡು ವಾರಕ್ಕೆ ಆ ನಾಲ್ಕೂ ಕೊಳೆತು, ಕೆಳಗಿನ ಒಳ್ಳೆ ಹುರಿಹಗ್ಗಕ್ಕೂ ನೀರು ಸೋರಿ ಅಮ್ಮನಿಂದ ಬೈಗುಳ ಕೇಳಿದ್ದಾಯಿತು. ಮೂರು ನಾಲ್ಕು ಬೆರಳು ತೊಟ್ಟು ಬಿಟ್ಟೇ ಕತ್ತರಿಸಿ, ಗಾಳಿಯಾಡುವ ನೆರಳಲ್ಲಿ ಹತ್ತು ದಿನ ಒಣಗಿಸಿ, ಆಮೇಲೆ ಅಟ್ಟ. ಕೊಯ್ದ ದಿನವೇ ರುಚಿ ನೋಡಿ ಸಪ್ಪೆ ಅಂತ ತೀರ್ಮಾನಿಸಬೇಡಿ. ಬಟರ್‌ನಟ್, ಕಬೋಚಾ ಎರಡರಲ್ಲೂ ಇಟ್ಟ ಹಾಗೆ ಪಿಷ್ಟ ಸಕ್ಕರೆಯಾಗುತ್ತದೆ, ಎರಡು ಮೂರು ವಾರ ಕಾಯಿರಿ.

ಬೀಜ ಹಾಕುವುದಾದರೆ ಹಾಕಿ, ಆದರೆ ಬಟರ್‌ನಟ್ ಮತ್ತು ಊರ ಕೆಂಬುಡೆ ಪಕ್ಕಪಕ್ಕ ಇದ್ದರೆ ಜೇನುನೊಣ ಬೆರಕೆ ಮಾಡುತ್ತದೆ. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ತೆಗೆದಿಟ್ಟ ಬೀಜದ ಮುಂದಿನ ಬೆಳೆ ಮಾತ್ರ ಎಂತಾದರೂ ಆಗಬಹುದು. ಬೀಜಕ್ಕೆ ಬೇಕಾದ ಹೆಣ್ಣು ಹೂವನ್ನು ಹಿಂದಿನ ಸಂಜೆಯೇ ದಾರದಲ್ಲಿ ಕಟ್ಟಿ, ಬೆಳಿಗ್ಗೆ ಅದೇ ತಳಿಯ ಗಂಡು ಹೂವು ತಾಗಿಸಿ ಮತ್ತೆ ಕಟ್ಟಿಬಿಡಿ. ಗಂಡು ಹೂವನ್ನೂ ಸಂಜೆಯೇ ಕಟ್ಟಿಡಬೇಕು. ಉಳಿದ ಗಂಡು ಹೂವು ಬಜ್ಜಿಗೆ, ಬಳ್ಳಿಯ ಎಳೆ ಕುಡಿ ಪಲ್ಯಕ್ಕೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವ ಕುಂಬಳವೇ ಆಗಲಿ, ಹಸಿ ಚೂರು ನಾಲಿಗೆಗೆ ಕಹಿಯಾದರೆ ಉಗುಳಿ, ಇಡೀ ಕಾಯಿ ಬಿಸಾಡಿ. ಆ ಕಹಿಯೇ ವಿಷ, ಬೇಯಿಸಿದರೂ ಹೋಗುವುದಿಲ್ಲ, ಬೆಲ್ಲ ಹಾಕಿ ಮುಚ್ಚುವ ವಿಷಯವೂ ಅಲ್ಲ. ದನಕ್ಕೂ ಕೊಡಬೇಡಿ.

ಬಟರ್‌ನಟ್ ಬೀಜ ನನ್ನ ಹತ್ತಿರ ಹತ್ತಿಪ್ಪತ್ತು ಉಂಟು. ಪೆರ್ಲ ಕಡೆ ಬಂದರೆ ಹೇಳಿ.