ಡಿಸ್ಕ್ ಚುಚ್ಚಿದರೆ ಕಂಪ್ಯೂಟರ್ ಏಳುವುದೇ ಇಲ್ಲ!

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ ಇದೆ. ಮದುವೆ ಫೋಟೋಗಳೆಲ್ಲ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿವೆ. ಅವನ್ನು ಕೀಳದೆ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಗೀಟೊಂದು ಮಿಣುಕುತ್ತಾ ಕೂರುತ್ತದೆ. ಕಿತ್ತರೆ ಸರಿಹೋಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಬೇಕಾ ಸರ್?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಅದರಲ್ಲಿ ಎಷ್ಟು ಬೆಣ್ಣೆ ದೋಸೆ ಬರುತ್ತದೆ! ಡಿಸ್ಕ್ ಕಿತ್ತಾಗ ವಿಂಡೋಸ್ ಬರುತ್ತದೆ ಅಂದಮೇಲೆ ಅದು ಚೆನ್ನಾಗಿಯೇ ಇದೆ ಅಲ್ವಾ. ವಿಂಡೋಸ್‌ಗಿಂತ ಮೊದಲು ಏಳುವುದು ಬಯಾಸ್, ಅಂದರೆ ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲೇ ಇರುವ ಪುಟ್ಟ ಪ್ರೋಗ್ರಾಂ. ಯಾವ ಡಿಸ್ಕನ್ನು ಮೊದಲು ನೋಡಬೇಕು ಅಂತ ಅದರಲ್ಲಿ ಒಂದು ಪಟ್ಟಿ ಇರುತ್ತದೆ, ಆ ಪಟ್ಟಿಯಲ್ಲಿ ಯುಎಸ್‌ಬಿ ಮೊದಲಿದ್ದರೆ ಬಯಾಸ್ ನಿಮ್ಮ ಮದುವೆ ಫೋಟೋಗಳ ನಡುವೆ ವಿಂಡೋಸ್ ಹುಡುಕುತ್ತಾ ಕೂತುಬಿಡುತ್ತದೆ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ, ಕೆಲವು ಕಂಪನಿಗಳದ್ದಕ್ಕೆ ಬೇರೆ ಕೀ ಇರುತ್ತದೆ. ಬೂಟ್ ಅನ್ನುವ ಪುಟದಲ್ಲಿ ಒಳಗಿನ ಡಿಸ್ಕನ್ನು, ಹೊಸ ಕಂಪ್ಯೂಟರ್ ಆದರೆ ವಿಂಡೋಸ್ ಬೂಟ್ ಮ್ಯಾನೇಜರನ್ನು, ಎಲ್ಲಕ್ಕಿಂತ ಮೇಲೆ ತಂದು ಸೇವ್ ಮಾಡಿ.

ಅದಕ್ಕೂ ಬಗ್ಗದಿದ್ದರೆ ಒಂದೊಂದೇ ಡಿಸ್ಕ್ ಹಾಕಿ ನೋಡಿ, ಕಳ್ಳ ಯಾವುದು ಗೊತ್ತಾಗುತ್ತದೆ. ಎರಡನ್ನೂ ಅಗ್ಗದ ಹಬ್‌ಗೆ (ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ ಡಬ್ಬಿ) ಚುಚ್ಚಿದ್ದೀರಾ? ಯುಎಸ್‌ಬಿ 2.0 ಪೋರ್ಟ್ ಕೊಡುವ ಕರೆಂಟಿನ ಲೆಕ್ಕ 500 ಮಿಲಿಆಂಪ್, 3.0 ಆದರೆ 900; ಹಬ್‌ನಲ್ಲಿ ಅದನ್ನೇ ಎರಡೂ ಡಿಸ್ಕ್ ಹಂಚಿಕೊಳ್ಳಬೇಕು. ತಿರುಗುವ ಡಿಸ್ಕ್‌ಗೆ ಶುರುವಿನಲ್ಲಿ ಕರೆಂಟ್ ಜಾಸ್ತಿ ಬೇಕು. ಕ್ಯಾಬಿನೆಟ್ ಹಿಂದಿನ ಪೋರ್ಟ್‌ಗೇ ಹಾಕಿ, ಇಲ್ಲಾ ಅಡಾಪ್ಟರ್ ಇರುವ ಹಬ್ ತನ್ನಿ. ಅಂದಹಾಗೆ, ಆ ಫೋಟೋಗಳ ಇನ್ನೊಂದು ಕಾಪಿ ಇದೆ ತಾನೇ?