ಮಿಕ್ಕಿಯನ್ನು ಬಿಡಿಸಿದವರು ಯಾರು?

ಹೋದ ತಿಂಗಳ ಒಂದು ಉತ್ತರದಲ್ಲಿ ಡಿಸ್ನಿ ಕಾರ್ಟೂನುಗಳ ಕಲಾವಿದ ಅಬ್ ಐವರ್ಕ್ಸ್ ಅನ್ನುವ ಹೆಸರನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೆ. ಅದಕ್ಕೇ ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಅವರ ಬಗ್ಗೆಯೇ ಇವೆ. ಹಾಸನದ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿ ನಿವೃತ್ತನಾದ ನನಗೆ ಇದಕ್ಕಿಂತ ಖುಷಿಯ ವಿಷಯ ಇಲ್ಲ. ಈ ತಿಂಗಳ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ನಮ್ಮೂರ ದೇವಸ್ಥಾನದಲ್ಲಿ ಮದನಿಕೆಯ ಪಾದದ ಕೆಳಗೆ ಶಿಲ್ಪಿ ತನ್ನ ಹೆಸರು ಕೆತ್ತಿದ್ದಾನೆ. ಮಿಕ್ಕಿ ಮೌಸ್ ಬಿಡಿಸಿದವರ ಹೆಸರು ಮಾತ್ರ ಯಾಕೆ ಎಲ್ಲೂ ಇಲ್ಲ? ಅದನ್ನು ವಾಲ್ಟ್ ಡಿಸ್ನಿಯೇ ಬಿಡಿಸಿದ್ದು ಅಂತ ಮಕ್ಕಳ ಪುಸ್ತಕದಲ್ಲಿದೆ. — ಓದುಗರೊಬ್ಬರು, ಬೇಲೂರು

ಉತ್ತರ: ಹೆಸರು ಇದೆ ಸ್ವಾಮಿ. ನಾವು ಓದಲ್ಲ, ಅಷ್ಟೆ. ದಾಸೋಜ, ಚಾವಣ ಅಂತ ಕಲ್ಲಿನ ಮೇಲೆ ಇದ್ದರೂ ಎಷ್ಟು ಜನ ತಲೆ ಎತ್ತಿ ಓದುತ್ತಾರೆ? 1928ರ ‘ಸ್ಟೀಮ್‌ಬೋಟ್ ವಿಲ್ಲಿ’ ಶುರುವಾಗುವಾಗ ಬರುವ ಟೈಟಲ್ ಕಾರ್ಡನ್ನು ಮೊಬೈಲಿನಲ್ಲೇ ನಿಲ್ಲಿಸಿ ನೋಡಿ. ವಾಲ್ಟ್ ಡಿಸ್ನಿ ಕಾಮಿಕ್ ಅಂತ ಇರುತ್ತದೆ, ಅದರ ಜೊತೆಗೇ ‘ಬೈ ಅಬ್ ಐವರ್ಕ್ಸ್’ ಅಂತಲೂ ಇರುತ್ತದೆ.

ಐವರ್ಕ್ಸ್ ಹುಟ್ಟಿದ್ದು 1901ರ ಮಾರ್ಚ್ 24ರಂದು, ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ. ತಂದೆ ಜರ್ಮನಿಯ ಕಡೆಯಿಂದ ವಲಸೆ ಬಂದವರು. 1919ರಲ್ಲಿ ಅಲ್ಲಿನ ಒಂದು ಜಾಹೀರಾತು ಸ್ಟುಡಿಯೋದಲ್ಲಿ ಅವರಿಗೂ ವಾಲ್ಟ್ ಡಿಸ್ನಿಗೂ ಪರಿಚಯವಾಯಿತು. ಇಬ್ಬರೂ ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗರು. ಮಾರನೇ ವರ್ಷ ಇಬ್ಬರ ಹೆಸರಲ್ಲೂ ಒಂದು ಪುಟ್ಟ ಕಂಪನಿ ತೆರೆದರು, ಅದು ಬೇಗ ಮುಚ್ಚಿತು. ಮುಂದೆ ವಾಲ್ಟ್ ಕ್ಯಾಲಿಫೋರ್ನಿಯಾಗೆ ಹೋದರು, ಹಿಂದೆಯೇ ಐವರ್ಕ್ಸ್ ಕೂಡ ಹೋದರು.

1927ರಲ್ಲಿ ಅವರು ಮಾಡಿದ ಓಸ್ವಾಲ್ಡ್ ಅನ್ನುವ ಮೊಲ ಚೆನ್ನಾಗಿ ಓಡಿತು. ಆದರೆ ಆ ಮೊಲದ ಹಕ್ಕು ಇವರ ಕೈಯಲ್ಲಿ ಇರಲಿಲ್ಲ. 1928ರಲ್ಲಿ ವಿತರಕ ಚಾರ್ಲ್ಸ್ ಮಿಂಟ್ಜ್ ಸ್ಟುಡಿಯೋದ ಹೆಚ್ಚಿನ ಕಲಾವಿದರನ್ನೇ ತನ್ನ ಕಡೆ ಸೆಳೆದುಕೊಂಡ. ಐವರ್ಕ್ಸ್ ಮಾತ್ರ ಹೋಗಲಿಲ್ಲ, ವಾಲ್ಟ್ ಜೊತೆಗೇ ಉಳಿದರು. ಆ ಕಷ್ಟದಲ್ಲಿ ಹುಟ್ಟಿದ್ದೇ ಮಿಕ್ಕಿ. ಮಿಕ್ಕಿಯ ಮೊದಲ ಚಿತ್ರ ‘ಪ್ಲೇನ್ ಕ್ರೇಜಿ’. ಓಸ್ವಾಲ್ಡ್ ಕೆಲಸ ಇನ್ನೂ ಬಾಕಿ ಇದ್ದುದರಿಂದ, ಹೊರಟು ನಿಂತಿದ್ದ ಸಹೋದ್ಯೋಗಿಗಳ ಕಣ್ಣಿಗೆ ಬೀಳದ ಹಾಗೆ ಐವರ್ಕ್ಸ್ ಅದನ್ನು ಒಬ್ಬರೇ ಗುಟ್ಟಾಗಿ ಬಿಡಿಸಿದರು.

ಹಾಗಂತ ವಾಲ್ಟ್ ಏನೂ ಮಾಡಲಿಲ್ಲ ಅನ್ನಬೇಡಿ. ಮಿಕ್ಕಿಯ ಸ್ವಭಾವ, ಕಥೆ, ಆ ಕೀಚಲು ದನಿ, ಊರೂರು ಅಲೆದು ವಿತರಕರನ್ನು ಹುಡುಕಿದ ಛಲ ಎಲ್ಲ ಅವರದ್ದು. ಆದರೆ ಕಾಗದದ ಮೇಲೆ ಮಿಕ್ಕಿಯನ್ನು ಓಡಿಸಿದ್ದು, ಹಾರಿಸಿದ್ದು, ಬೀಳಿಸಿದ್ದು ಐವರ್ಕ್ಸ್ ಕೈ. ನಿಮ್ಮ ಮಕ್ಕಳಿಗೆ ಎರಡು ಹೆಸರನ್ನೂ ಹೇಳಿಕೊಡಿ.

ಪ್ರಶ್ನೆ: ಐವರ್ಕ್ಸ್ ದಿನಕ್ಕೆ 700 ಚಿತ್ರ ಬಿಡಿಸುತ್ತಿದ್ದರಂತೆ. ಇದು ಸಾಧ್ಯವಾ ಸರ್? ನಾನು ಡಿಪ್ಲೊಮಾ ಓದುತ್ತಿದ್ದೇನೆ, ಒಂದು ಚಿತ್ರಕ್ಕೇ ನನಗೆ ಒಂದು ಗಂಟೆ ಬೇಕು. — ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಲೆಕ್ಕ ಹಾಕೋಣ ಬಾರಪ್ಪ. ಫಿಲಂ ಸೆಕೆಂಡಿಗೆ 24 ಫ್ರೇಮು (ಫಿಲಮ್ಮಿನ ಒಂದೊಂದು ಚೌಕ) ಓಡುತ್ತದೆ. ಕಾರ್ಟೂನಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿಯುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ‘ಪ್ಲೇನ್ ಕ್ರೇಜಿ’ ಸುಮಾರು ಆರು ನಿಮಿಷದ್ದು. ಅಲ್ಲಿಗೆ 4,320 ಚಿತ್ರ ಆಯಿತು. ಅದನ್ನು ಎರಡು ವಾರದಲ್ಲಿ ಮುಗಿಸಿದರು ಅನ್ನುವ ಮಾತಿದೆ. ಹಾಗಿದ್ದರೆ ದಿನಕ್ಕೆ ಸರಾಸರಿ 300 ಚಿಲ್ಲರೆ. 700 ಅನ್ನುವುದು ತುಂಬ ಹುರುಪಿನ ಒಂದು ದಿನದ ಮಾತಿರಬೇಕು ಅಂತ ನನ್ನ ಅನಿಸಿಕೆ. ಹನ್ನೆರಡು ಗಂಟೆ ಕೂತರೂ ಆಗ ಒಂದು ಚಿತ್ರಕ್ಕೆ ಸಿಗುವುದು ಒಂದೇ ನಿಮಿಷ. ಆದರೆ ದಿನಕ್ಕೆ 300 ಅಂದರೂ ಸಾಮಾನ್ಯ ಅಲ್ಲ ಕಣಪ್ಪ!

ಇಷ್ಟು ಬೇಗ ಹೇಗೆ ಆಗುತ್ತಿತ್ತು ಅಂದರೆ, ಅವರ ಮಿಕ್ಕಿಯನ್ನು ಗಮನವಿಟ್ಟು ನೋಡು. ತಲೆ ಒಂದು ವೃತ್ತ, ಕಿವಿ ಎರಡು ವೃತ್ತ, ಹೊಟ್ಟೆ ಇನ್ನೊಂದು. ಕೈಕಾಲು ರಬ್ಬರ್ ಪೈಪಿನ ಹಾಗೆ, ಮೊಣಕೈ ಮೊಣಕಾಲಿನ ತಂಟೆಯೇ ಇಲ್ಲ. ಎಲ್ಲಿ ಬೇಕಾದರೂ ಬಗ್ಗುತ್ತದೆ. ಮಿಕ್ಕಿ ಯಾವ ಕಡೆ ತಿರುಗಿದರೂ ಕಿವಿ ಮಾತ್ರ ದುಂಡಗೇ ಕಾಣುತ್ತದೆ. ನೀನು ಒಂದು ಗಂಟೆ ಕೂತು ಬಿಡಿಸುವುದು ಒಂದು ಚಿತ್ರ. ಐವರ್ಕ್ಸ್ ಬಿಡಿಸುತ್ತಿದ್ದದ್ದು ಒಂದು ಚಲನೆ. ಹೋಲಿಕೆ ಮಾಡಿಕೊಂಡು ಕೊರಗಬೇಡ.

ಇನ್ನೊಂದು ವಿಷಯ ಹೇಳಲೇಬೇಕು. ಅವರು ಮೊದಲ ಚಿತ್ರದಿಂದ ಶುರುಮಾಡಿ ಒಂದರ ಹಿಂದೆ ಒಂದು ಕೊನೆವರೆಗೂ ತಾವೇ ಬಿಡಿಸಿಕೊಂಡು ಹೋಗುತ್ತಿದ್ದರು. ಮುಖ್ಯ ಭಂಗಿಗಳನ್ನು ಮಾತ್ರ ದೊಡ್ಡ ಕಲಾವಿದ ಬಿಡಿಸಿ, ನಡುವಿನವನ್ನು ಸಹಾಯಕರಿಗೆ ಬಿಡಬೇಕು ಅನ್ನುವುದು ವಾಲ್ಟ್ ಅವರ ಆಸೆ. ಖರ್ಚಿನ ದೃಷ್ಟಿಯಿಂದ ವಾಲ್ಟ್ ಹೇಳಿದ್ದು ಸರಿಯೇ. ಆದರೆ 1929ರ ‘ಸ್ಕೆಲಿಟನ್ ಡ್ಯಾನ್ಸ್’ ನೋಡಿದರೆ ಐವರ್ಕ್ಸ್ ಯಾಕೆ ಹಟ ಹಿಡಿದರು ಅಂತ ಅರ್ಥವಾಗುತ್ತದೆ. ಸ್ಮಶಾನದಲ್ಲಿ ಅಸ್ಥಿಪಂಜರಗಳು ಕುಣಿಯುವ ಆ ಚಿತ್ರವನ್ನು ಹೆಚ್ಚುಕಡಿಮೆ ಅವರೊಬ್ಬರೇ ಬಿಡಿಸಿದರು. ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯನ್ನು ಕ್ಸೈಲೊಫೋನ್ (ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ತರಹ ಬಾರಿಸುತ್ತದೆ. ಪ್ರತಿ ಏಟೂ ಕಾರ್ಲ್ ಸ್ಟಾಲಿಂಗ್ ಸಂಗೀತದ ತಾಳಕ್ಕೆ ಸರಿಯಾಗಿ ಬೀಳುತ್ತದೆ.

ಪ್ರಶ್ನೆ: ಆಗ ಮಾತು, ಸಂಗೀತವನ್ನು ಚಿತ್ರಕ್ಕೆ ಹೊಂದಿಸುತ್ತಿದ್ದದ್ದು ಹೇಗೆ? — ಓದುಗರು, ಚನ್ನರಾಯಪಟ್ಟಣ

ಉತ್ತರ: ಇದು ನನ್ನ ಕಸುಬಿನ ಪ್ರಶ್ನೆ! ಸೆಕೆಂಡಿಗೆ 24 ಫ್ರೇಮು ಅಂತ ಗಟ್ಟಿಯಾದ ಮೇಲೆ ತಾಳ ಅನ್ನುವುದು ಲೆಕ್ಕ ಆಗಿಬಿಡುತ್ತದೆ. ಸೆಕೆಂಡಿಗೆ ಎರಡು ಪೆಟ್ಟು ಬೇಕಾ? ಹನ್ನೆರಡು ಫ್ರೇಮಿಗೆ ಒಂದು ಸಲ ಮಿಕ್ಕಿಯ ಕಾಲು ನೆಲಕ್ಕೆ ತಾಗಬೇಕು, ಅಷ್ಟೆ. ‘ಸ್ಟೀಮ್‌ಬೋಟ್ ವಿಲ್ಲಿ’ಗೆ ಈ ಲೆಕ್ಕ ಹಾಕಲು ವಿಲ್ಫ್ರೆಡ್ ಜ್ಯಾಕ್ಸನ್ ಅನ್ನುವ ಯುವಕ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ತಂದಿದ್ದರು. ಅರ್ಧ ಚಿತ್ರ ಮುಗಿದಾಗ ಒಂದು ರಾತ್ರಿ ತಮ್ಮ ತಮ್ಮ ಹೆಂಡತಿಯರನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದರು. ವಾಲ್ಟ್ ಅವರ ಅಣ್ಣ ರಾಯ್ ಪ್ರೊಜೆಕ್ಟರನ್ನು ಕಿಟಕಿಯ ಆಚೆ ಇಟ್ಟು ಓಡಿಸಿದರು, ಅದರ ಸದ್ದು ಒಳಗೆ ಕೇಳಬಾರದು ಅಂತ. ಜ್ಯಾಕ್ಸನ್ ಮೌತ್ ಆರ್ಗನ್ ಊದಿದರು, ಐವರ್ಕ್ಸ್ ಪಾತ್ರೆಪಗಡ ಬಡಿದರು. ಚಿತ್ರಕ್ಕೂ ಸದ್ದಿಗೂ ತಾಳೆಯಾಯಿತು. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಥಿಯೇಟರಿನಲ್ಲಿ ಅದು ತೆರೆಕಂಡಿತು.

ಪ್ರೊಜೆಕ್ಟರನ್ನು ಹೊರಗಿಟ್ಟ ಆ ಬುದ್ಧಿ ನನಗೆ ತುಂಬ ಇಷ್ಟ. ಕ್ಯಾಬಿನ್ ಗಾಜು ಒಡೆದ ದಿನ ಹಿಂದಿನ ಸಾಲಿನವರು ಎಷ್ಟು ಗಲಾಟೆ ಮಾಡುತ್ತಿದ್ದರು ಅಂತ ಆಪರೇಟರುಗಳಿಗೆ ಮಾತ್ರ ಗೊತ್ತು.

ಪ್ರಶ್ನೆ: ಅಷ್ಟು ಹೆಸರು ಬಂದ ಮೇಲೆ ಡಿಸ್ನಿಯನ್ನು ಯಾಕೆ ಬಿಟ್ಟರು? — ಓದುಗರು, ಕಡೂರು

ಉತ್ತರ: 1930ರ ಜನವರಿಯಲ್ಲಿ ಬಿಟ್ಟರು. ಯಾವ ಚಲನೆಗೆ ಎಷ್ಟು ಫ್ರೇಮು ಅಂತ ಐವರ್ಕ್ಸ್ ಹಾಕಿಟ್ಟ ಲೆಕ್ಕವನ್ನು ವಾಲ್ಟ್ ರಾತ್ರಿ ಬಂದು ತಿದ್ದಿಬಿಡುತ್ತಿದ್ದರು. ಅದು ಇವರಿಗೆ ಸಹಿಸಲಾಗಲಿಲ್ಲ. ಪ್ಯಾಟ್ ಪವರ್ಸ್ ಅನ್ನುವವರು ಸ್ವಂತ ಸ್ಟುಡಿಯೋಗೆ ದುಡ್ಡು ಕೊಡುತ್ತೇನೆ ಅಂದರು. ಡಿಸ್ನಿ ಕಂಪನಿಯಲ್ಲಿ ಇವರದ್ದು ಶೇಕಡ 20ರ ಪಾಲಿತ್ತು. ಅದನ್ನು 2,920 ಡಾಲರಿಗೆ ಬಿಟ್ಟುಕೊಟ್ಟು ಹೊರಟರು. ಈಗಿನ ಡಿಸ್ನಿಯನ್ನು ನೋಡಿ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಆಗ ಅದು ಸಾಲದಲ್ಲಿ ಉಸಿರಾಡುತ್ತಿದ್ದ ಸಣ್ಣ ಕಂಪನಿ.

ಪ್ರಶ್ನೆ: ಆಮೇಲೆ ಸ್ವಂತ ಸ್ಟುಡಿಯೋ ಸೋತಿತಂತೆ. ಒಬ್ಬ ದೊಡ್ಡ ಕಲಾವಿದನ ಬಾಳು ಹೀಗೆ ಹಾಳಾಯಿತಲ್ಲ ಅಂತ ಬೇಜಾರಾಗುತ್ತದೆ. — ಓದುಗರು, ಸಕಲೇಶಪುರ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ ಅಮ್ಮ. ಅವರ ಬಾಳು ಹಾಳಾಗಲಿಲ್ಲ. ನನ್ನ ಮಟ್ಟಿಗೆ ಅವರು ನಿಜವಾಗಿ ಅರಳಿದ್ದೇ ಆಮೇಲೆ.

ಸ್ಟುಡಿಯೋ ಸೋತಿದ್ದು ನಿಜ. ಫ್ಲಿಪ್ ಅನ್ನುವ ಕಪ್ಪೆ, ವಿಲ್ಲಿ ವಾಪರ್ ಅನ್ನುವ ಸುಳ್ಳುಬುರುಕ ಹುಡುಗ, ಬಣ್ಣದ ಜಾನಪದ ಕಥೆಗಳು, ಯಾವುದೂ ಮಿಕ್ಕಿಯಷ್ಟು ಓಡಲಿಲ್ಲ. ಚಲನೆ ಚೆನ್ನಾಗಿತ್ತು, ಪಾತ್ರಗಳಿಗೆ ಜೀವ ಕಡಿಮೆ. ಅಲ್ಲಿ ವಾಲ್ಟ್ ಇರಬೇಕಿತ್ತು ಅಂತ ನನಗೆ ಅನಿಸುತ್ತದೆ. 1936ರಲ್ಲಿ ಬಾಗಿಲು ಹಾಕಿತು.

ಆದರೆ ಆ ಸೋತ ಸ್ಟುಡಿಯೋದಲ್ಲಿ ಹಳೇ ಷೆವರ್ಲೆ ಕಾರಿನ ಬಿಡಿಭಾಗಗಳಿಂದ ಐವರ್ಕ್ಸ್ ಒಂದು ಕ್ಯಾಮೆರಾ ಕಟ್ಟಿದರು. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತಾಗ ಹತ್ತಿರದ ಮರ ಸರ್ರನೆ ಓಡುತ್ತದೆ, ಆಚೆಯ ಗುಡ್ಡ ನಿಧಾನವಾಗಿ ಜರುಗುತ್ತದೆ, ಇನ್ನೂ ಆಚೆಯದು ಕದಲುವುದೇ ಇಲ್ಲ, ಅಲ್ವಾ? ಕಾರ್ಟೂನಿಗೆ ಆ ಆಳ ಕೊಡುವ ಕ್ಯಾಮೆರಾ ಅದು. ಚಿತ್ರಗಳನ್ನು ಪದರ ಪದರವಾಗಿ, ಒಂದಕ್ಕೊಂದು ದೂರ ಇಟ್ಟು, ಬೇರೆ ಬೇರೆ ವೇಗದಲ್ಲಿ ಜರುಗಿಸಿ ತೆಗೆಯುವುದು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲೇ ಪದರಗಳ ಉಪಾಯ ಬಳಸಿದ್ದರು, ಆ ಹೆಣ್ಣುಮಗಳ ಹೆಸರೂ ನೆನಪಿರಲಿ. ಐವರ್ಕ್ಸ್ 1934ರ ಹೊತ್ತಿಗೆ ಇದನ್ನು ಬಳಸುತ್ತಿದ್ದರು. ಇದೇ ಪದರಗಳ ಉಪಾಯದ, ಡಿಸ್ನಿಯ ದೊಡ್ಡ ಮಲ್ಟಿಪ್ಲೇನ್ ಕ್ಯಾಮೆರಾದ ಚಿತ್ರ ಬಂದಿದ್ದು 1937ರಲ್ಲಿ.

1940ರಲ್ಲಿ ಅವರು ಡಿಸ್ನಿಗೆ ವಾಪಸ್ ಬಂದರು. ಚಿತ್ರ ಬಿಡಿಸಲು ಅಲ್ಲ, ಯಂತ್ರ ಮಾಡಲು. ಪೆನ್ಸಿಲ್ ಬಿಟ್ಟೇಬಿಟ್ಟರು. ಆ ಹೊತ್ತಿಗೆ ಕೂತು ಬಿಡಿಸುವುದು ಅವರಿಗೆ ಗೊತ್ತಿದ್ದ ವಿದ್ಯೆ, ಅದರಲ್ಲಿ ಹೊಸದಾಗಿ ಹುಡುಕುವುದು ಜಾಸ್ತಿ ಏನೂ ಉಳಿದಿರಲಿಲ್ಲ ಅಂತ ನಾನು ತಿಳಿದುಕೊಂಡಿದ್ದೇನೆ. ‘ಇದು ಆಗಲ್ಲ’ ಅಂತ ಬೇರೆಯವರು ಕೈಬಿಟ್ಟ ಕೆಲಸ ಅವರ ಮೇಜಿಗೆ ಬರುತ್ತಿತ್ತು.

ಉದಾಹರಣೆಗೆ, ಹಿಂದೆ ಪ್ರತಿ ಪೆನ್ಸಿಲ್ ಚಿತ್ರವನ್ನೂ ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಕೈಯಿಂದ ತಿದ್ದಬೇಕಿತ್ತು. ಅದಕ್ಕೇ ಒಂದು ವಿಭಾಗ, ಅಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಐವರ್ಕ್ಸ್ ಝೆರಾಕ್ಸ್ ಯಂತ್ರವನ್ನು ಬದಲಾಯಿಸಿ, ಪೆನ್ಸಿಲ್ ಗೆರೆ ನೇರವಾಗಿ ಹಾಳೆಗೆ ಇಳಿಯುವ ಹಾಗೆ ಮಾಡಿದರು. ಮೈತುಂಬ ಚುಕ್ಕೆಯ ನಾಯಿಮರಿಗಳ ‘101 ಡಾಲ್ಮೇಷಿಯನ್ಸ್’ 1961ರಲ್ಲಿ ಬರಲು ಸಾಧ್ಯವಾಗಿದ್ದೇ ಇದರಿಂದ. ಆ ಚಿತ್ರದ ಗೆರೆಗಳು ಸ್ವಲ್ಪ ಒರಟು, ಪೆನ್ಸಿಲ್ಲಿನ ಗೀಚು ಹಾಗೇ ಕಾಣುತ್ತದೆ. ನನಗೆ ಅದು ಚಂದ. ಆದರೆ ಆ ಹೆಣ್ಣುಮಕ್ಕಳ ಎಷ್ಟೋ ಕೆಲಸ ಹೋಯಿತು ಅನ್ನುವುದನ್ನೂ ಹೇಳದೆ ಇರಬಾರದು.

1964ರ ‘ಮೇರಿ ಪಾಪಿನ್ಸ್’ನಲ್ಲಿ ಮನುಷ್ಯರು ಕಾರ್ಟೂನ್ ಪೆಂಗ್ವಿನ್‌ಗಳ ಜೊತೆ ಕುಣಿಯುತ್ತಾರಲ್ಲ, ಅದರ ಹಿಂದೆ ಇದ್ದದ್ದು ಸೋಡಿಯಂ ದೀಪ. ಎಲ್‌ಇಡಿ ಬರುವ ಮೊದಲು ನಮ್ಮ ರಸ್ತೆಗಳಲ್ಲಿ ಉರಿಯುತ್ತಿದ್ದ ಹಳದಿ ದೀಪದ ಸಂಬಂಧಿಯೇ ಅದು, ಬಣ್ಣ ಮಾತ್ರ ಇನ್ನೂ ಶುದ್ಧ ಹಳದಿ. ನಟರ ಹಿಂದಿನ ಬಿಳಿ ಪರದೆಗೆ ಆ ಬೆಳಕು, ನಟರ ಮೇಲೆ ಮಾಮೂಲಿ ಬೆಳಕು. ಕ್ಯಾಮೆರಾದೊಳಗಿನ ಪ್ರಿಸಂ ಆ ಹಳದಿಯೊಂದನ್ನೇ ಬೇರೆ ಮಾಡಿ ಎರಡನೇ ಫಿಲಮ್ಮಿಗೆ ಕಳಿಸುತ್ತದೆ. ಆ ಫಿಲಮ್ಮಿನಲ್ಲಿ ನಟರ ಕಪ್ಪು ಆಕಾರ ಮಾತ್ರ ಮೂಡುತ್ತದೆ. ಹಿನ್ನೆಲೆಯನ್ನು ಕತ್ತರಿಸಲು ಅದೇ ಅಳತೆ. ಕೂದಲ ಎಳೆ, ತೆಳು ಬಟ್ಟೆಯ ಅಂಚು ಕೂಡ ಹಾಳಾಗುವುದಿಲ್ಲ. ಪೆಟ್ರೊ ವ್ಲಾಹೊಸ್, ವ್ಯಾಡ್ಸ್‌ವರ್ತ್ ಪೋಲ್ ಜೊತೆ ಐವರ್ಕ್ಸ್‌ಗೂ ಇದಕ್ಕೆ ಆಸ್ಕರ್ ಬಂತು. ಅದಕ್ಕೂ ಮೊದಲೇ ಆಪ್ಟಿಕಲ್ ಪ್ರಿಂಟರ್ (ಒಂದು ಫಿಲಮ್ಮಿನ ಚಿತ್ರವನ್ನು ಇನ್ನೊಂದಕ್ಕೆ ಇಳಿಸುವ ಯಂತ್ರ) ಸುಧಾರಿಸಿದ್ದಕ್ಕೆ ಒಂದು ಬಂದಿತ್ತು. ಹಿಚ್‌ಕಾಕ್ ಅವರ ‘ದಿ ಬರ್ಡ್ಸ್’ನ ಹಕ್ಕಿಗಳ ದಾಳಿಯಲ್ಲೂ ಇವರ ಕೈ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಡಿಸ್ನಿಲ್ಯಾಂಡಿನ ಸುತ್ತುಪರದೆ. ಜನ ನಡುವೆ ನಿಲ್ಲುತ್ತಿದ್ದರು, ಸುತ್ತ ಒಂಬತ್ತು ಪರದೆ. ಪ್ರೊಜೆಕ್ಟರ್ ಎಲ್ಲಿ ಇಡುವುದು? ಎಲ್ಲಿ ನೋಡಿದರೂ ಪರದೆ! ಎರಡು ಪರದೆಗಳ ನಡುವಿನ ಸಂದಿಯಲ್ಲಿ ಇಟ್ಟರು. ಪರದೆಗಳ ಸಂಖ್ಯೆ ಬೆಸ ಆಗಿದ್ದರೆ ಪ್ರತಿ ಸಂದಿಯ ಎದುರಿಗೆ ಸರಿಯಾಗಿ ಒಂದು ಪರದೆ ಬರುತ್ತದೆ. ಎಂಟು ಅಥವಾ ಹತ್ತು ಇದ್ದಿದ್ದರೆ ಸಂದಿಯ ಎದುರು ಸಂದಿಯೇ ಬರುತ್ತಿತ್ತು. ಕಾಗದದ ಮೇಲೆ ವೃತ್ತ ಬರೆದು ನೋಡಿ, ಎಷ್ಟು ಖುಷಿಯಾಗುತ್ತದೆ ಅಂತ.

1971ರ ಜುಲೈ 7ರಂದು ತೀರಿಕೊಂಡರು. ಅಲ್ಲಿವರೆಗೂ ಕೈತುಂಬ ಕೆಲಸ ಇತ್ತು. ಅದಕ್ಕೇ ಬೇಜಾರು ಬೇಡ ಅಂದದ್ದು.

ಪ್ರಶ್ನೆ: ಆ ಕಾಲದ ಡಿಸ್ನಿಯವರು ಯಾರಾದರೂ ನಮ್ಮ ದೇಶಕ್ಕೆ ಬಂದಿದ್ದಾರಾ? — ಓದುಗರು, ಹೊಳೆನರಸೀಪುರ

ಉತ್ತರ: ಬಂದಿದ್ದಾರೆ. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈನಲ್ಲಿದ್ದ ಸರ್ಕಾರದ ಫಿಲಂಸ್ ಡಿವಿಷನ್‌ಗೆ ಬಂದು ನಮ್ಮ ಹುಡುಗರಿಗೆ ಕಲಿಸಿದರು. ಜಾತಕ ಕಥೆಯ ‘ಬ್ಯಾನಿಯನ್ ಡೀರ್’ ಅಲ್ಲೇ ತಯಾರಾಯಿತು. ಅಲ್ಲಿ ಕಲಿತ ರಾಮ್ ಮೋಹನ್ ಮುಂದೆ ನಮ್ಮ ದೇಶದ ಅನಿಮೇಷನ್‌ಗೆ ಗುರುವಿನಂತಾದರು.

ಪ್ರಶ್ನೆ: ಮಗಳು ಆರನೇ ಕ್ಲಾಸು. ನೋಟ್‌ಬುಕ್ಕಿನ ಮೂಲೆಯಲ್ಲೆಲ್ಲ ಓಡುವ ಬೆಕ್ಕು ಬಿಡಿಸುತ್ತಾಳೆ. ಮುಂದೆ ಏನು ಮಾಡಿಸಲಿ? — ತಾಯಿ, ಚಿಕ್ಕಮಗಳೂರು

ಉತ್ತರ: ಮೊದಲು ನೋಟ್‌ಬುಕ್ಕಿಗೆ ಬೈಯಬೇಡಿ ತಾಯಿ. ಬಿಳಿ ಹಾಳೆ ತಂದು, ಆಫೀಸಿನಲ್ಲಿ ಬಳಸುವ ಪಂಚಿಂಗ್ ಮಷೀನಿನಲ್ಲಿ ಎಲ್ಲದಕ್ಕೂ ಒಂದೇ ಕಡೆ ತೂತು ಹೊಡೆಯಿರಿ. ಹಲಗೆಯ ಮೇಲೆ ಎರಡು ಗೂಟ ಕೂರಿಸಿ ಹಾಳೆ ಸಿಕ್ಕಿಸಿದರೆ ಚಿತ್ರ ಅತ್ತಿತ್ತ ಅಲುಗುವುದಿಲ್ಲ. ಕೆಳಗಿನ ಗೆರೆ ಕಾಣಲು ಹಗಲಲ್ಲಿ ಕಿಟಕಿ ಗಾಜು ಸಾಕು.

ಬೆಕ್ಕಿಗಿಂತ ಮೊದಲು ಪುಟಿಯುವ ಚೆಂಡು ಬಿಡಿಸಲಿ. ಮೇಲೆ ಹೋದಾಗ ಚೆಂಡುಗಳು ಹತ್ತಿರ ಹತ್ತಿರ ಇರಬೇಕು, ಕೆಳಗೆ ಬರುತ್ತಾ ದೂರ ದೂರ. ನೆಲಕ್ಕೆ ತಾಗಿದ ಒಂದು ಚಿತ್ರದಲ್ಲಿ ಮಾತ್ರ ಚಪ್ಪಟೆ. 24 ಹಾಳೆ ಮುಗಿದರೆ ಎರಡು ಸೆಕೆಂಡಿನ ಸಿನಿಮಾ ಆಯಿತು. ಮೊಬೈಲನ್ನು ಪುಸ್ತಕಗಳ ಮೇಲೆ ಅಲುಗದಂತೆ ಇಟ್ಟು ಒಂದೊಂದೇ ಫೋಟೋ ತೆಗೆಯಿರಿ. ಹಾಳೆಗಳಿಗೆ ನಂಬರ್ ಹಾಕುವುದು ಮಾತ್ರ ಮರೆಯಬಾರದು, ಒಂದು ಸಲ ಗಾಳಿಗೆ ಹಾರಿದರೆ ಜೋಡಿಸುವುದು ಕಷ್ಟ. ಮುಗಿದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನಾನು ಖಂಡಿತ ನೋಡುತ್ತೇನೆ.